ಯುವಾನ್‌ಮಿಂಗ್‌ಯುವಾನ್ ನೋಡೋದು ಹೇಗೆ: ಕಲ್ಲಿನ ಕಂಬಕ್ಕಿಂತ ಮೊದ್ಲು ನೀರು, ಮಣ್ಣು ನೋಡಿ

ಬೀಜಿಂಗ್‌ಗೆ ಹೋದ ನಮ್ಮೋರು ಅಲ್ಲಿಯ ಚಕ್ರವರ್ತಿಗಳ ಹಾಳಾದ ಅರಮನೆ-ಉದ್ಯಾನ ಯುವಾನ್‌ಮಿಂಗ್‌ಯುವಾನ್‌ನಿಂದ ಹಾಕೋ ಫೋಟೋ ಹೆಚ್ಚುಕಮ್ಮಿ ಒಂದೇ, ಬಿಳಿ ಕಲ್ಲಿನ ಮುರಿದ ಕಮಾನು, ಅದರ ಮುಂದೆ ನಿಂತ ಫ್ಯಾಮಿಲಿ. ಮಿಕ್ಕಿದ್ದೇನಿತ್ತು ಅಂತ ಕೇಳಿದ್ರೆ "ಏನಿಲ್ಲ, ದೊಡ್ಡ ಪಾರ್ಕು, ಕೆರೆ ಕೆರೆ, ನಡೆದು ನಡೆದು ಕಾಲು ಬಿದ್ದೋಯ್ತು" ಅಂತಾರೆ. ವಿಷ್ಯ ಏನಂದ್ರೆ ಆ ಕಲ್ಲಿನ ಕಮಾನು ಇರೋ ಭಾಗ ಇಡೀ ಉದ್ಯಾನದಲ್ಲಿ ನೂರಕ್ಕೆ ಎರಡು ಪಾಲು ಅಷ್ಟೇ. ಚೀನೀ ಚಕ್ರವರ್ತಿಗಳು ಬದುಕಿದ್ದು, ರಾಜ್ಯ ಆಳಿದ್ದು, ಮಕ್ಕಳು ಹೆತ್ತಿದ್ದು, ಸತ್ತಿದ್ದು ಎಲ್ಲಾ ಉಳಿದ 98 ಪಾಲಲ್ಲಿ, ಆ 98 ಪಾಲು ಕಟ್ಟಿದ್ದು ಮರದಲ್ಲಿ, 1860ರಲ್ಲಿ ಬ್ರಿಟಿಷರು ಬೆಂಕಿ ಇಟ್ಟಾಗ ಮರ ಸುಟ್ಟೋಯ್ತು, ಕಲ್ಲು ಉಳೀತು, ಹಾಗಾಗಿ ಜನ ಕಲ್ಲೇ ಉದ್ಯಾನ ಅಂದ್ಕೊಂಡು ವಾಪಸ್ ಬರ್ತಾರೆ. ಸುಡದೇ ಉಳಿದಿರೋ ಇನ್ನೊಂದಿದೆ, ಕೆರೆ ಮತ್ತೆ ಗುಡ್ಡ. ಅದನ್ನ ನೋಡೋಕೆ ಕಲಿತ್ರೆ ಇಡೀ ಜಾಗ ಕಣ್ಮುಂದೆ ಎದ್ದು ನಿಲ್ಲುತ್ತೆ. ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲನೇದು, ಜಾಗ ಯಾವ್ದು ಅಂತ ಕನ್ಫ್ಯೂಸ್ ಆಗ್ಬೇಡಿ. ಇಂಗ್ಲಿಷಲ್ಲಿ ಸಮ್ಮರ್ ಪ್ಯಾಲೇಸ್ ಅಂದ್ರೆ ಯಿಹೆಯುವಾನ್, ಓಲ್ಡ್ ಸಮ್ಮರ್ ಪ್ಯಾಲೇಸ್ ಅಂದ್ರೆ ಯುವಾನ್‌ಮಿಂಗ್‌ಯುವಾನ್. ಎರಡೂ ಊರಿನ ವಾಯವ್ಯಕ್ಕೆ ಹೈದಿಯನ್ ಕಡೆ, ಅಕ್ಕಪಕ್ಕದಲ್ಲೇ ಇವೆ. ಯಿಹೆಯುವಾನ್‌ನಲ್ಲೂ 1860ರಲ್ಲಿ ಬೆಂಕಿ ಬಿದ್ದಿತ್ತು, ಆದ್ರೆ ಮುಂದೆ ರಾಜಮಾತೆ ಸಿಶಿ ಅದನ್ನ ಮತ್ತೆ ಕಟ್ಟಿಸಿದ್ಳು, ಅದಕ್ಕೇ ಅಲ್ಲಿ ಬಣ್ಣಬಣ್ಣದ ಕಟ್ಟಡ ಕಾಣುತ್ತೆ. ಇಲ್ಲಿ ಕಾಣಲ್ಲ. ಎರಡನ್ನೂ ಒಂದೇ ದಿನ ಮುಗಿಸ್ತೀವಿ ಅಂತ ಟೂರ್‌ನವರು ಹೇಳಿದ್ರೆ ಒಪ್ಕೋಬೇಡಿ, ಇದಕ್ಕೇ ಅರ್ಧ ದಿನ ಸಾಲಲ್ಲ. ಮೆಟ್ರೋ 4ನೇ ಲೈನ್‌ನಲ್ಲಿ ಇದೇ ಹೆಸರಿನ ಸ್ಟೇಷನ್ ಇದೆ, ಇಳಿದ್ರೆ ದಕ್ಷಿಣ ಗೇಟು ಹತ್ರಾನೇ. ಪಾಸ್‌ಪೋರ್ಟ್ ಜೊತೇಲಿರ್ಲಿ. ಪಾರ್ಕಿನ ಟಿಕೆಟ್ ಬೇರೆ, ಕಲ್ಲಿನ ಅವಶೇಷದ ಭಾಗಕ್ಕೆ ಬೇರೆ, ಮೊದ್ಲೇ ಎರಡೂ ಸೇರಿದ್ದು ತಗೊಂಡ್ರೆ ಒಳ್ಳೇದು, ಒಳಗೆ ಹೋದ್ಮೇಲೆ ಮತ್ತೆ ಕ್ಯೂ ಯಾಕೆ.

ಹೊರಡೋ ಮುಂಚೆ ಮನೇಲೇ ಕೂತು ಮಾಡ್ಬೇಕಾದ ಕೆಲಸ ಒಂದಿದೆ, ಇದನ್ನ ಬಿಟ್ರೆ ಅಲ್ಲಿ ಹೋಗಿ ಬರೀ ಹುಲ್ಲು ನೋಡ್ಕೊಂಡು ಬರ್ತೀರ. ಎರಡು ಸೆಟ್ ಚಿತ್ರ ಫೋನಿಗೆ ಇಳಿಸ್ಕೊಳ್ಳಿ. ಒಂದು, 1744ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ತನ್ನ ಆಸ್ಥಾನದ ಕಲಾವಿದರಾದ ಶೆನ್ ಯುವಾನ್ ಮತ್ತು ತಾಂಗ್‌ದಾಯ್ ಕೈಲಿ ರೇಷ್ಮೆ ಮೇಲೆ ಬರೆಸಿದ ನಲವತ್ತು ದೃಶ್ಯಗಳು. ಒಂದೊಂದು ಚಿತ್ರಾನೂ ಉದ್ಯಾನದ ಒಂದೊಂದು ಜಾಗ, ಹಕ್ಕಿ ಮೇಲಿಂದ ನೋಡಿದ ಹಾಗೆ, ಕಟ್ಟಡ ಎಲ್ಲಿ, ಸೇತುವೆ ಎಲ್ಲಿ, ಗುಡ್ಡದ ಹಿಂದೆ ದಾರಿ ಹೇಗೆ ತಿರುಗುತ್ತೆ ಎಲ್ಲಾ ಇದೆ. ಒರಿಜಿನಲ್ ಈಗ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ, ಹೇಗೆ ಹೋಯ್ತು ಅಂತ ಕೇಳ್ಬೇಡಿ, ಲೂಟಿ ಮಾಲು. ಎರಡನೇದು, ಯುರೋಪಿಯನ್ ಶೈಲಿಯ ಕಟ್ಟಡಗಳ ಇಪ್ಪತ್ತು ತಾಮ್ರಪಟ ಮುದ್ರಣಗಳು, 1780ರ ದಶಕದಲ್ಲಿ ಮಾಡ್ಸಿದ್ದು. ಇವುಗಳ ಜೊತೆ ಅರ್ನ್ಸ್ಟ್ ಓಲ್ಮರ್ ಅನ್ನೋ ಜರ್ಮನ್ 1873ರಲ್ಲಿ ತೆಗೆದ ಫೋಟೋಗಳೂ ಸಿಗುತ್ವೆ. ಬೆಂಕಿ ಬಿದ್ದು ಹದಿಮೂರು ವರ್ಷ ಆದ್ಮೇಲೂ ಗೋಡೆಗಳು ಹೆಚ್ಚುಕಮ್ಮಿ ನಿಂತಿದ್ವು ಅನ್ನೋದು ಅದ್ರಲ್ಲಿ ಕಾಣುತ್ತೆ, ಈಗ ನೀವು ನೋಡೋ ಅಷ್ಟು ಹಾಳು ಒಂದೇ ಸಲ ಆಗಿದ್ದಲ್ಲ.

ಈಗ ಇತಿಹಾಸ, ಚಿಕ್ಕದಾಗಿ. 1707ರಲ್ಲಿ ಕಾಂಗ್‌ಶಿ ಚಕ್ರವರ್ತಿ ಈ ಜಾಗನ ತನ್ನ ನಾಲ್ಕನೇ ಮಗನಿಗೆ ಕೊಟ್ಟ. ಆ ಮಗ ಮುಂದೆ ಯೋಂಗ್‌ಝೆಂಗ್ ಅಂತ ಪಟ್ಟಕ್ಕೆ ಬಂದ, ಬಂದವ್ನೇ ತೋಟದ ಮುಂದೆ ದರ್ಬಾರು ಹಾಲ್, ಮಂತ್ರಿಗಳ ಆಫೀಸು ಎಲ್ಲಾ ಕಟ್ಸಿದ. ಅವ್ನೂ ಸೇರಿ ಐದು ಚಕ್ರವರ್ತಿಗಳು ವರ್ಷದ ಬಹುಪಾಲು ಇಲ್ಲೇ ಇರ್ತಿದ್ರು, ನಾವು ಸಿನಿಮಾದಲ್ಲಿ ನೋಡೋ ಆ ಕೆಂಪು ಗೋಡೆಯ ಫರ್ಬಿಡನ್ ಸಿಟಿಗೆ ಹೋಗ್ತಿದ್ದಿದ್ದು ಪೂಜೆ, ಹೊಸವರ್ಷ, ದೊಡ್ಡ ಸಮಾರಂಭಕ್ಕೆ. ಸೋ ಇದನ್ನ ಬೇಸಿಗೆ ಬಂಗಲೆ ಅನ್ನೋದೇ ತಪ್ಪು, ನೂರಮೂವತ್ತಕ್ಕೂ ಹೆಚ್ಚು ವರ್ಷ ಚೀನಾದ ನಿಜವಾದ ರಾಜಧಾನಿ ಅಂದ್ರೂ ನಡಿಯುತ್ತೆ. ಯೋಂಗ್‌ಝೆಂಗ್ 1735ರಲ್ಲಿ ಇಲ್ಲೇ ಸತ್ತ, 1860ರಲ್ಲಿ ಇಲ್ಲಿಂದ ಓಡಿಹೋದ ಶಿಯಾನ್‌ಫೆಂಗ್ ಚಕ್ರವರ್ತಿ ಹುಟ್ಟಿದ್ದೂ ಇಲ್ಲೇ. ಅತಿ ಹೆಚ್ಚು ಕಟ್ಸಿದ್ದು ಮಾತ್ರ ಚಿಯಾನ್‌ಲಾಂಗ್, ಅರವತ್ತು ವರ್ಷ ಆಳಿದವ್ನು, ದುಡ್ಡಿತ್ತು, ಶೋಕಿನೂ ಇತ್ತು. ದಕ್ಷಿಣಕ್ಕೆ ಪ್ರವಾಸ ಹೋದಾಗ ಸೂಝೌ, ಹಾಂಗ್‌ಝೌ ಕಡೆ ಯಾವ ತೋಟ ಇಷ್ಟ ಆಯ್ತೋ ಅದರ ನಕ್ಷೆ ಬರೆಸ್ಕೊಂಡು ಬಂದು ಇಲ್ಲಿ ಅದೇ ಥರ ಕಟ್ಟಿಸ್ತಿದ್ದ.

ಲೇಔಟ್ ತಲೇಲಿ ಕೂರಿಸ್ಕೊಳ್ಳೋದು ಕಷ್ಟ ಏನಲ್ಲ. ಒಟ್ಟು ಸುಮಾರು 350 ಹೆಕ್ಟೇರು, ಅದ್ರಲ್ಲಿ ಮೂರು ತೋಟ ಒಂದಕ್ಕೊಂದು ಅಂಟ್ಕೊಂಡಿವೆ. ನಕ್ಷೆ ನೋಡಿದ್ರೆ ಎಡಗಡೆ ದೊಡ್ಡದು, ಅದೇ ಮೂಲದ ಯುವಾನ್‌ಮಿಂಗ್‌ಯುವಾನ್, ಸುಮಾರು 200 ಹೆಕ್ಟೇರು. ಬಲಗಡೆ ಮೇಲೆ ಚಾಂಗ್‌ಚುನ್‌ಯುವಾನ್, ಚಿಯಾನ್‌ಲಾಂಗ್ ವಯಸ್ಸಾದ ಕಾಲಕ್ಕೆ ರಿಟೈರ್ ಆಗಿ ಇರೋಣ ಅಂತ ಮಾಡಿಸ್ಕೊಂಡಿದ್ದು, ಅದರ ಉತ್ತರದ ತುದೀಲಿ ಒಂದು ಪಟ್ಟಿ ಥರ ಆ ಯುರೋಪಿಯನ್ ಕಟ್ಟಡಗಳು. ಬಲಗಡೆ ಕೆಳಗೆ ಚಿಚುನ್‌ಯುವಾನ್, ಅಲ್ಲಿ ಹೆಚ್ಚಾಗಿ ರಾಜಮಾತೆಯರು, ವಿಧವೆ ರಾಣಿಯರು ಇರ್ತಿದ್ರು. ಈಗ ನಾವು ಒಳಗೆ ಹೋಗೋದು ಈ ಮೂರನೇದರ ಗೇಟಿಂದ. ಗಮನಿಸಿ, ಇದು ಹಳೇ ಮುಖ್ಯದ್ವಾರ ಅಲ್ಲ, ಆ ಕಾಲದ ದೊಡ್ಡ ಅರಮನೆ ಬಾಗಿಲು ಪಶ್ಚಿಮಕ್ಕಿರೋ ದೊಡ್ಡ ತೋಟದ ದಕ್ಷಿಣಕ್ಕಿತ್ತು. ಅಂದ್ರೆ ನಾವೆಲ್ಲಾ ಒಂಥರಾ ಸೈಡ್ ಬಾಗಿಲಿಂದ ಹೋಗಿ ಹಿತ್ತಲಿನ ಮೂಲೆ ನೋಡ್ಕೊಂಡು ವಾಪಸ್ ಬರ್ತಿದ್ದೀವಿ.

ಅದಕ್ಕೇ ನನ್ನ ಸಲಹೆ, ಎಲ್ರೂ ಬಲಗಡೆ ಕಲ್ಲಿನ ಕಡೆ ಹೋಗ್ತಿದ್ರೆ ನೀವು ಎಡಗಡೆ ಹೋಗಿ. ಪಶ್ಚಿಮದ ಕಡೆ ನಡೆದ್ರೆ ಹೌಹು ಅನ್ನೋ ಕೆರೆ ಸಿಗುತ್ತೆ, ಹಿಂದಿನ ಕೆರೆ, ಹೆಚ್ಚುಕಮ್ಮಿ ಚೌಕ, ಒಂದು ದಡದಿಂದ ಇನ್ನೊಂದು ದಡಕ್ಕೆ ಸುಮಾರು ಇನ್ನೂರು ಮೀಟರ್. ಅದರ ಸುತ್ತ ಒಂಬತ್ತು ದ್ವೀಪ, ನಡುವೆ ಸಣ್ಣ ಕಾಲುವೆಗಳು, ಒಂದರಿಂದ ಒಂದಕ್ಕೆ ಸೇತುವೆ. ಈ ಒಂಬತ್ತು ಅನ್ನೋದು ಸುಮ್ನೆ ಅಲ್ಲ, ಪುರಾತನ ಕಾಲದಲ್ಲಿ ಯೂ ಅನ್ನೋ ರಾಜ ಪ್ರವಾಹ ಇಳಿಸಿ ದೇಶನ ಒಂಬತ್ತು ಭಾಗ ಮಾಡಿದ ಅಂತ ಚೀನಾದವರ ಕಥೆ, ಅದೇ ಒಂಬತ್ತು ಇಲ್ಲಿ ದ್ವೀಪ ಆಗಿವೆ, ಅದರ ದಕ್ಷಿಣದ ದ್ವೀಪದ ಮೇಲೆ ಚಕ್ರವರ್ತಿ ಮಲಗೋ ಮನೆ. ಇಡೀ ದೇಶದ ನಕ್ಷೇನ ಅಂಗಳದಲ್ಲಿ ಮಾಡ್ಕೊಂಡು ಅದರ ಮಧ್ಯ ಎದ್ದು ಹಲ್ಲುಜ್ಜೋದು ಅಂದ್ರೆ ಎಂಥಾ ಧಿಮಾಕು ನೋಡಿ. ವಾಯವ್ಯ ಮೂಲೇಲಿರೋ ಎತ್ತರದ ದಿಬ್ಬ ಚೀನೀ ಪುರಾಣದ ಕುನ್‌ಲುನ್ ಪರ್ವತದ ಲೆಕ್ಕ. ನೀರು ಪಶ್ಚಿಮದಿಂದ ಒಳಗೆ ಬಂದು, ಸುತ್ತಿ ಬಳಸಿ, ಪೂರ್ವದ ದೊಡ್ಡ ಕೆರೆ ಫುಹೈಗೆ ಸೇರುತ್ತೆ, ಅದು ಸಮುದ್ರದ ಲೆಕ್ಕ. ನಮ್ಮ ಕಡೆ ಕೆರೆ ಸರಪಳಿ ಇರುತ್ತಲ್ಲ, ಮೇಲಿನ ಕೆರೆ ಕೋಡಿ ಬಿದ್ರೆ ಕೆಳಗಿನದಕ್ಕೆ ನೀರು, ಆ ಕಣ್ಣಲ್ಲಿ ನೋಡಿದ್ರೆ ಒಂದೇ ಸಲಕ್ಕೆ ಅರ್ಥ ಆಗುತ್ತೆ.

ನೆಲದ ಮೇಲೆ ಇದನ್ನ ಹಿಡಿಯೋದು ಹೇಗೆ ಅಂದ್ರೆ, ಯಾವುದಾದ್ರೂ ಒಂದು ಸೇತುವೆ ಮೇಲೆ ನಿಂತು ಸುತ್ತ ನೋಡಿ. ಗುಡ್ಡಗಳೆಲ್ಲಾ ಎರಡು ಆಳು, ಮೂರು ಆಳು ಎತ್ತರ, ದೊಡ್ಡದೇನಲ್ಲ, ಆದ್ರೆ ಅದರಾಚೆ ಏನಿದೆ ಅಂತ ಕಾಣಲ್ಲ. ಇವೆಲ್ಲಾ ಕೆರೆ ತೋಡಿದ ಮಣ್ಣು, ಪಕ್ಕದಲ್ಲೇ ರಾಶಿ ಹಾಕಿದ್ದಾರೆ, ಮೊದ್ಲು ಇದು ಜೌಗು ಜಾಗ, ಬುಗ್ಗೆ ನೀರು ಬೇಕಾದಷ್ಟು. ಆ ಮಣ್ಣಿನ ದಿಬ್ಬಗಳೇ ಇಲ್ಲಿ ಗೋಡೆ. ಒಂದು ದೃಶ್ಯದಿಂದ ಇನ್ನೊಂದು ದೃಶ್ಯ ಕಾಣಬಾರದು, ದಾರಿ ತಿರುಗಿದ್ಮೇಲೇ ಕಾಣ್ಬೇಕು, ಆ ಪ್ಲಾನು. ದ್ವೀಪದ ಮೇಲೆ ಹೋದಾಗ ಹುಲ್ಲಿನ ನಡುವೆ ಸಾಲು ಸಾಲು ಚೌಕ ಕಲ್ಲು, ಚಪ್ಪಡಿ ಕಾಣಿಸಿದ್ರೆ ನಿಲ್ಲಿ, ಅದು ಕಂಬದ ಕೆಳಗಿನ ಕಲ್ಲು. ಎರಡು ಕಲ್ಲಿನ ನಡುವೆ ಒಂದು ಅಂಕಣ, ಅಂಕಣ ಎಣಿಸಿದ್ರೆ ಕಟ್ಟಡ ಎಷ್ಟು ಉದ್ದ ಅಂತ ಗೊತ್ತಾಗುತ್ತೆ, ಫೋನಲ್ಲಿರೋ ಚಿತ್ರ ತೆಗೆದು ಅದೇ ದಿಕ್ಕಿಗೆ ತಿರುಗಿಸಿ ಹಿಡ್ಕೊಂಡ್ರೆ ಆಯ್ತು. ನಂಗೆ ಇಡೀ ಯುವಾನ್‌ಮಿಂಗ್‌ಯುವಾನ್‌ನಲ್ಲಿ ಇದಕ್ಕಿಂತ ಮಜಾ ಬೇರೆ ಇಲ್ಲ.

ಹೌಹುವಿನ ವಾಯವ್ಯಕ್ಕೆ ವಾನ್‌ಫಾಂಗ್ ಆನ್‌ಹೆ ಅನ್ನೋ ಜಾಗ ಮಿಸ್ ಮಾಡ್ಬೇಡಿ. ನೀರಿನ ನಡುವೆ ಸ್ವಸ್ತಿಕದ ಆಕಾರದ ತಳಪಾಯ, ಮೇಲೆ 33 ಕೋಣೆ ಇತ್ತಂತೆ, ಈಗ ಬರೀ ತಳಪಾಯ, ನೀರು ಕಡಿಮೆ ಇದ್ದಾಗ ಆಕಾರ ಚೆನ್ನಾಗಿ ಕಾಣುತ್ತೆ. ಗಾಳಿ ಯಾವ ಕಡೆಯಿಂದ ಬೀಸಿದ್ರೂ ಯಾವುದೋ ಒಂದು ಕೋಣೆ ತಂಪಾಗಿರುತ್ತೆ, ಇನ್ನೊಂದು ಬೆಚ್ಚಗಿರುತ್ತೆ, ಹಾಗಾಗಿ ಯೋಂಗ್‌ಝೆಂಗ್‌ಗೆ ಈ ಮನೆ ಅಂದ್ರೆ ಪ್ರಾಣ.

ಅಲ್ಲಿಂದ ಸ್ವಲ್ಪ ಮುಂದೆ ನಮ್ಗೆ ನೇರವಾಗಿ ಸಂಬಂಧ ಇರೋ ಒಂದು ಜಾಗ, ಶೆವೈಚೆಂಗ್. ಅಂದ್ರೆ ಶ್ರಾವಸ್ತಿ, ಬುದ್ಧ ಎಷ್ಟೋ ಮಳೆಗಾಲ ಕಳೆದ ಕೋಸಲ ರಾಜ್ಯದ ರಾಜಧಾನಿ. ಅದರ ಹೆಸರಲ್ಲಿ ಇಲ್ಲಿ ಒಂದು ಪುಟ್ಟ ಕೋಟೆ ಊರೇ ಕಟ್ಟಿದ್ರು, ಸುತ್ತ ಗೋಡೆ, ಒಳಗೆಲ್ಲಾ ಬುದ್ಧನ ಗುಡಿಗಳು, ಚಕ್ರವರ್ತಿಗೆ ಕಾಣಿಕೆ ಬಂದ ಬುದ್ಧನ ಮೂರ್ತಿಗಳೆಲ್ಲಾ ಅಲ್ಲಿಗೇ ಸೇರ್ತಿದ್ವು. ಈಗ ಮಣ್ಣಿನ ಗೋಡೆ ಒಂಚೂರು ಉಳಿದಿದೆ. ಅದರ ದಕ್ಷಿಣಕ್ಕೆ ಇದ್ದಿದ್ದು ಅಂಗಡಿ ಬೀದಿ, ಇದರ ಕಥೆ ಇನ್ನೂ ಮಜವಾಗಿದೆ. ರಾಜಮನೆತನದವರು ಹೊರಗೆ ಬೀದೀಲಿ ಓಡಾಡೋ ಹಾಗಿಲ್ಲ, ಅದಕ್ಕೆ ಬೀದೀನೇ ಒಳಗೆ ತಂದ್ರು. ಅರಮನೆಯ ನಪುಂಸಕ ಸೇವಕರೇ ಅಂಗಡಿಯವರ ವೇಷ ಹಾಕ್ಕೊಂಡು ಕೂಗಿ ಕೂಗಿ ವ್ಯಾಪಾರ ಮಾಡೋದು, ಚೌಕಾಸಿ, ಜಗಳ, ಕಿಸೆಗಳ್ಳರ ಪಾತ್ರನೂ ಇತ್ತು, ಅವ್ರನ್ನ ಹಿಡಿಯೋಕೆ ಪೊಲೀಸ್ ಪಾತ್ರನೂ ಇತ್ತು. ಇದನ್ನೆಲ್ಲಾ ಕಣ್ಣಾರೆ ಕಂಡು ಬರೆದವ್ನು ಆಸ್ಥಾನದಲ್ಲಿ ಚಿತ್ರಕಾರನಾಗಿದ್ದ ಫ್ರೆಂಚ್ ಜೆಸ್ವಿಟ್ ಪಾದ್ರಿ ಅತ್ತಿರೆ, 1743ರ ಪತ್ರದಲ್ಲಿ. ಆ ಪತ್ರ ಯುರೋಪಲ್ಲಿ ಪ್ರಿಂಟ್ ಆಗಿ, ಅಲ್ಲಿಯ ಶ್ರೀಮಂತರಿಗೆ ಚೀನೀ ತೋಟದ ಹುಚ್ಚು ಹಿಡಿಸ್ತು.

ಅಲ್ಲಿಂದ ಪೂರ್ವಕ್ಕೆ ಬಂದ್ರೆ ಫುಹೈ, ಸುಮಾರು 600 ಮೀಟರ್ ಅಗಲ, ನಡುವೆ ಮೂರು ಪುಟಾಣಿ ದ್ವೀಪ, ಅಮರರು ವಾಸ ಮಾಡೋ ಪೂರ್ವ ಸಮುದ್ರದ ಮೂರು ದ್ವೀಪಗಳ ಲೆಕ್ಕ. ಬೇಸಿಗೇಲಿ ಬೋಟ್ ಇರುತ್ತೆ. ಇಲ್ಲಿ ಒಂದು ಗಲಾಟೆ ನಡೆದಿತ್ತು, 2005ರಲ್ಲಿ ನೀರು ಇಂಗಿ ಹೋಗ್ತಿದೆ ಅಂತ ಕೆರೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸೋಕೆ ಶುರು ಮಾಡಿದ್ರು, ಅಂತರ್ಜಲ ಏನಾಗ್ಬೇಕು, ಕೆರೆ ಜೀವ ಏನಾಗ್ಬೇಕು ಅಂತ ಜನ ತಿರುಗಿಬಿದ್ರು, ಸರ್ಕಾರ ಸಾರ್ವಜನಿಕ ವಿಚಾರಣೆನೇ ನಡೆಸಬೇಕಾಯ್ತು. ಬೆಂಗಳೂರಲ್ಲಿ ಕೆರೆ ಉಳಿಸೋಕೆ ಓಡಾಡೋರು ಒಂದ್ಸಲ ಹುಡುಕಿ ಓದಿ.

ಇಷ್ಟಾದ್ಮೇಲೆ ಕಲ್ಲಿನ ಕಡೆ ಹೋಗಿ. ಕಾಲು ನೋವಿದ್ರೆ ಬ್ಯಾಟರಿ ಗಾಡಿ ಸಿಗುತ್ತೆ. ಇದು ಶಿಯಾಂಗ್‌ಲೌ, ಪಶ್ಚಿಮದ ಮಹಲುಗಳು. ಚಿಯಾನ್‌ಲಾಂಗ್ ಯುರೋಪಿನ ಕಾರಂಜಿ ಚಿತ್ರ ನೋಡಿ ನಂಗೂ ಬೇಕು ಅಂದ. ಆಸ್ಥಾನದ ಇಟಾಲಿಯನ್ ಚಿತ್ರಕಾರ ಕಾಸ್ತಿಲ್ಯೋನೆ ಕಟ್ಟಡದ ವಿನ್ಯಾಸ ಮಾಡಿದ, ನೀರಿನ ಕೆಲಸಕ್ಕೆ ಫ್ರೆಂಚ್ ಪಾದ್ರಿ ಬೆನ್ವಾನ ಹಿಡಿದ್ರು. ಅವ್ನು ಬಂದಿದ್ದು ಖಗೋಳ, ಗಣಿತ ಗೊತ್ತು ಅಂತ, ಕಾರಂಜಿ ಕಟ್ಟಿದ ಅನುಭವ ಇರ್ಲಿಲ್ಲ, ಪುಸ್ತಕ ನೋಡ್ಕೊಂಡು ಮಾಡಿದ. 1747ರಲ್ಲಿ ಶುರುವಾಗಿ 1759ರ ಹೊತ್ತಿಗೆ ಬಹುಪಾಲು ಮುಗೀತು.

ಪಶ್ಚಿಮದಿಂದ ಪೂರ್ವಕ್ಕೆ ನಡೀರಿ, ಕಟ್ಟಿದ ಕ್ರಮಾನೂ ಹಾಗೇ ಇದೆ. ಮೊದ್ಲು ಚಕ್ರವ್ಯೂಹ, ಇದು 1980ರ ದಶಕದಲ್ಲಿ ಮತ್ತೆ ಕಟ್ಟಿದ್ದು, ಗೋಡೆ ಎದೆಮಟ್ಟ ಅಷ್ಟೇ. ಶರತ್ಕಾಲದ ಹುಣ್ಣಿಮೆ ರಾತ್ರಿ ಅರಮನೆ ಹೆಂಗಸರು ಹಳದಿ ಲಾಟೀನು ಹಿಡ್ಕೊಂಡು ಇದರೊಳಗೆ ಓಡ್ತಿದ್ರು, ನಡುವಿನ ಮಂಟಪದಲ್ಲಿ ಕೂತ ಚಕ್ರವರ್ತಿ ಹತ್ರ ಮೊದ್ಲು ಬಂದವ್ರಿಗೆ ಬಹುಮಾನ. ಮಕ್ಕಳನ್ನ ಇಲ್ಲಿ ಬಿಟ್ಟು ಅರ್ಧ ಗಂಟೆ ಆರಾಮಾಗಿ ಕೂರಬಹುದು.

ಆಮೇಲೆ ಹೈಯಾನ್‌ತಾಂಗ್, ಇಲ್ಲಿ ಟೈಮ್ ಕೊಡಿ. ಪಶ್ಚಿಮದ ಮುಖದ ಮುಂದೆ ಒಂದು ಕೊಳ, ಅದರ ಎರಡೂ ಕಡೆ ಆರಾರು ಮೂರ್ತಿ, ಮನುಷ್ಯರ ಮೈ ಕಲ್ಲಲ್ಲಿ, ತಲೆ ಮಾತ್ರ ಕಂಚಿನ ಪ್ರಾಣಿಯದು, ಇಲಿ, ಎತ್ತು, ಹುಲಿ ಹೀಗೆ ಚೀನೀ ರಾಶಿಚಕ್ರದ ಹನ್ನೆರಡು. ಚೀನೀ ಲೆಕ್ಕದಲ್ಲಿ ದಿನಕ್ಕೆ ಹನ್ನೆರಡು ಜಾವ, ಒಂದು ಜಾವ ಅಂದ್ರೆ ನಮ್ಮ ಎರಡು ಗಂಟೆ. ಆಯಾ ಜಾವಕ್ಕೆ ಆಯಾ ಪ್ರಾಣಿ ಬಾಯಿಂದ ನೀರು ಚಿಮ್ಮೋದು, ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಹನ್ನೆರಡೂ ಒಟ್ಟಿಗೆ. ಗಡಿಯಾರ ಬೇಕಾಗಿಲ್ಲ, ಯಾವ ಬಾಯಲ್ಲಿ ನೀರು ಬರ್ತಿದೆ ನೋಡಿದ್ರೆ ಆಯ್ತು. ಈಗ ಹಿಂದೆ ಒಂದು ದೊಡ್ಡ ಮಣ್ಣು ಇಟ್ಟಿಗೆ ಮುದ್ದೆ ಕಾಣುತ್ತಲ್ಲ, ಜನ ಅದನ್ನ ನೋಡದೇ ಹೋಗ್ತಾರೆ, ಅದೇ ಇದರ ಗುಟ್ಟು. ಅದರ ಮೇಲೆ ತವರದ ತಗಡು ಹೊದೆಸಿದ ದೊಡ್ಡ ನೀರಿನ ತೊಟ್ಟಿ ಇತ್ತು, ಯಂತ್ರ ಹಾಕಿ ಕೆಳಗಿನ ನೀರನ್ನ ಅಲ್ಲಿಗೆ ಎತ್ತೋದು, ಆಮೇಲೆ ಎತ್ತರದಿಂದ ಇಳಿಯೋ ನೀರಿನ ಒತ್ತಡಕ್ಕೆ ಕಾರಂಜಿ ಚಿಮ್ಮೋದು, ನಮ್ಮ ಓವರ್‌ಹೆಡ್ ಟ್ಯಾಂಕೇ. 1774ರಲ್ಲಿ ಬೆನ್ವಾ ತೀರ್ಕೊಂಡ, ಯಂತ್ರ ಕೆಟ್ರೆ ರಿಪೇರಿ ಮಾಡೋರಿಲ್ಲ, ಆಮೇಲಾಮೇಲೆ ಚಕ್ರವರ್ತಿ ಬರ್ತಾನೆ ಅಂದ್ರೆ ಆಳುಗಳು ಬಕೆಟ್‌ನಲ್ಲಿ ಹೊತ್ತು ಹೊತ್ತು ತೊಟ್ಟಿ ತುಂಬಿಸ್ತಿದ್ರಂತೆ.

ಆ ಹನ್ನೆರಡು ತಲೆಗಳ ಕಥೆ ಗೊತ್ತಿದ್ರೆ ಅಲ್ಲಿ ಚೀನೀಯರು ಯಾಕೆ ಅಷ್ಟು ಗಂಭೀರವಾಗಿ ನಿಂತಿರ್ತಾರೆ ಅಂತ ಅರ್ಥ ಆಗುತ್ತೆ. ಏಳು ವಾಪಸ್ ಬಂದಿವೆ. ಎತ್ತು, ಕೋತಿ, ಹುಲಿ 2000ದಲ್ಲಿ ಹಾಂಗ್‌ಕಾಂಗ್ ಹರಾಜಲ್ಲಿ ಚೀನಾದ ಸರ್ಕಾರಿ ಕಂಪನಿ ಕೊಂಡ್ಕೊಳ್ತು, ಹಂದಿ ಮತ್ತೆ ಕುದುರೇನ ಮಕಾವ್ ಕ್ಯಾಸಿನೋ ಕುಬೇರ ಸ್ಟ್ಯಾನ್ಲಿ ಹೋ ಕೊಂಡು ದಾನ ಕೊಟ್ಟ. ಇಲಿ, ಮೊಲ 2009ರಲ್ಲಿ ಪ್ಯಾರಿಸ್‌ನಲ್ಲಿ ಹರಾಜಿಗೆ ಬಂದಾಗ ಒಬ್ಬ ಚೀನೀ ವ್ಯಾಪಾರಿ ಅತಿ ದೊಡ್ಡ ಬಿಡ್ ಕೂಗಿ, ಗೆದ್ದು, ಆಮೇಲೆ ದುಡ್ಡು ಕೊಡಲ್ಲ ಅಂತ ಕೈ ಎತ್ತಿದ, ಪ್ರತಿಭಟನೆ ಅಂತೆ. ಕೊನೆಗೆ 2013ರಲ್ಲಿ ಫ್ರಾನ್ಸ್‌ನ ಪಿನೋ ಕುಟುಂಬ ಅವೆರಡನ್ನ ವಾಪಸ್ ಕೊಡ್ತು. ಡ್ರ್ಯಾಗನ್, ಹಾವು, ಕುರಿ, ಹುಂಜ, ನಾಯಿ ಇನ್ನೂ ಪತ್ತೆ ಇಲ್ಲ. ಕುದುರೆ ತಲೆ ಮಾತ್ರ 2020ರ ಡಿಸೆಂಬರ್‌ನಲ್ಲಿ ಮೂಲ ಜಾಗಕ್ಕೇ ಬಂತು, ಅದನ್ನ ಇಟ್ಟಿರೋದು ದಕ್ಷಿಣದ ಝೆಂಗ್‌ಜುಎ ಗುಡಿಯಲ್ಲಿ, ಸೋ ನೋಡ್ಬೇಕು ಅಂದ್ರೆ ಅದಕ್ಕೆ ಬೇರೆ ಟೈಮ್ ಇಟ್ಕೊಳ್ಳಿ.

ಪೂರ್ವಕ್ಕೆ ಮುಂದೆ ಹೋದ್ರೆ ಆ ಫೇಮಸ್ ಕಮಾನು, ದಾಶುಯಿಫಾ, ದೊಡ್ಡ ಕಾರಂಜಿ. ಎಲ್ರೂ ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತಗೊಳ್ತಾರೆ, ನೀವು ಅದರ ಎದುರಿಗೆ, ದಕ್ಷಿಣಕ್ಕೆ ತಿರುಗಿ. ಅಲ್ಲಿ ಚಕ್ರವರ್ತಿ ಕೂರ್ತಿದ್ದ ಕಟ್ಟೆ, ಅದರ ಹಿಂದೆ ಐದು ಕಲ್ಲಿನ ಫಲಕ, ಅದ್ರ ಮೇಲೆ ಯುರೋಪಿಯನ್ ಕತ್ತಿ, ಫಿರಂಗಿ, ಗುರಾಣಿಗಳ ಕೆತ್ತನೆ. ಕುಂತವ್ನಿಗೆ ಎದುರಿಗೆ ಕಾಣ್ತಿದ್ದಿದ್ದು, ಕೊಳದ ನಡುವೆ ಕಂಚಿನ ಜಿಂಕೆ, ಸುತ್ತ ಹತ್ತು ಬೇಟೆನಾಯಿ, ಎಲ್ಲದರ ಬಾಯಿಂದನೂ ನೀರು. ಯುರೋಪಿನ ಆಯುಧನ ಬರೀ ಅಲಂಕಾರಕ್ಕೆ ಕೆತ್ತಿಸ್ಕೊಂಡವ್ನ ಮರಿಮೊಮ್ಮಗನ ಕಾಲಕ್ಕೆ ಅದೇ ಆಯುಧ ಬಾಗಿಲಿಗೆ ಬಂತು.

1860 ಹೇಗಾಯ್ತು ಅಂತ ಇಲ್ಲೇ ನಿಂತು ಕೇಳ್ಕೊಳ್ಳಿ. ಎರಡನೇ ಅಫೀಮು ಯುದ್ಧ, ಬ್ರಿಟನ್, ಫ್ರಾನ್ಸ್ ಒಂದು ಕಡೆ, ಚೀನಾ ಇನ್ನೊಂದು ಕಡೆ, ಆ ಅಫೀಮು ಬೆಳೆದಿದ್ದು ನಮ್ಮ ದೇಶದಲ್ಲೇ, ಬಿಹಾರ, ಮಾಳ್ವ ಕಡೆ. ಸೆಪ್ಟೆಂಬರ್‌ನಲ್ಲಿ ಮಾತುಕತೆಗೆ ಹೋದ ಬ್ರಿಟಿಷ್, ಫ್ರೆಂಚ್ ತಂಡಾನ ಚೀನೀಯರು ಸೆರೆ ಹಿಡಿದ್ರು, ಚಿತ್ರಹಿಂಸೆ ಕೊಟ್ರು, ಅರ್ಧಕ್ಕರ್ಧ ಜನ ಸತ್ರು, ಅದ್ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ವರದಿಗಾರನೂ ಇದ್ದ, ಹಲವು ಸಿಖ್ ಸವಾರರೂ ಇದ್ರು. ಅಕ್ಟೋಬರ್ 6ರ ಸಂಜೆ ಫ್ರೆಂಚರು ಇಲ್ಲಿಗೆ ಬಂದ್ರು, ಮಾರನೇ ದಿನದಿಂದ ಎರಡೂ ಸೈನ್ಯ ಸೇರಿ ಲೂಟಿ. ಕೈದಿಗಳ ಸುದ್ದಿ ಗೊತ್ತಾದ್ಮೇಲೆ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಸುಡೋಕೆ ಆರ್ಡರ್ ಕೊಟ್ಟ, ಅಕ್ಟೋಬರ್ 18ರಂದು ಬೆಂಕಿ ಬಿತ್ತು. ಜನರಿಗಲ್ಲ, ಚಕ್ರವರ್ತಿಗೇ ನೋವಾಗ್ಬೇಕು ಅನ್ನೋದು ಅವ್ನ ಲೆಕ್ಕ. ಸುಡೋದ್ರಲ್ಲಿ ನಾವು ಸೇರಲ್ಲ ಅಂದ್ರು ಫ್ರೆಂಚರು, ಲೂಟೀಲಿ ಮಾತ್ರ ಸೇರಿದ್ರು. ಲಕ್ಷಾಂತರ ಪುಟಗಳ ಸಿಕು ಚುವಾನ್‌ಶು ಗ್ರಂಥಸಂಗ್ರಹದ ಏಳು ಪ್ರತಿಗಳಲ್ಲಿ ಒಂದು ಇಲ್ಲೇ ಬೂದಿ ಆಯ್ತು. ಇದೇ ಎಲ್ಗಿನ್ 1862ರಲ್ಲಿ ಭಾರತಕ್ಕೆ ವೈಸರಾಯ್ ಆಗಿ ಬಂದು, ಮರುವರ್ಷ ಧರ್ಮಶಾಲಾದಲ್ಲಿ ಸತ್ತ, ಸಮಾಧಿ ಅಲ್ಲೇ ಇದೆ.

ಈ ದಂಡಯಾತ್ರೇಲಿ ಇಂಡಿಯಾದಿಂದ ಹೋದ ಪಡೆಗಳು ತುಂಬಾ ಇದ್ವು, ಮದ್ರಾಸ್ ಸ್ಯಾಪರ್ಸ್ ಕೂಡ, ಅಂದ್ರೆ ಇವತ್ತು ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇರೋ ರೆಜಿಮೆಂಟು, ಅವ್ರ ಯುದ್ಧಗೌರವಗಳಲ್ಲಿ ಪೀಕಿನ್ 1860 ಅನ್ನೋದು ಒಂದು, ಪೀಕಿನ್ ಅಂದ್ರೆ ಬೀಜಿಂಗ್‌ನ ಹಳೇ ಹೆಸರು. ಇನ್ನೊಂದು ಕೊಂಡಿ ಇನ್ನೂ ಹಳೇದು. 1793ರಲ್ಲಿ ಬ್ರಿಟನ್ನಿನ ರಾಯಭಾರಿಯಾಗಿ ಬಂದ ಮೆಕಾರ್ಟ್ನಿ ತಂದ ಉಡುಗೊರೆಗಳನ್ನ, ಗ್ರಹಗಳ ಯಂತ್ರ, ಭೂಗೋಳ ಎಲ್ಲಾ, ಜೋಡಿಸಿಟ್ಟಿದ್ದು ಇಲ್ಲಿಯ ದರ್ಬಾರು ಹಾಲ್‌ನಲ್ಲಿ. ಆ ಮೆಕಾರ್ಟ್ನಿ ಅದಕ್ಕೂ ಮುಂಚೆ ಮದ್ರಾಸ್ ಗವರ್ನರ್, 1784ರಲ್ಲಿ ಟಿಪ್ಪು ಜೊತೆ ಮಂಗಳೂರು ಒಪ್ಪಂದ ಆಗಿದ್ದು ಅವ್ನ ಕಾಲದಲ್ಲೇ.

ಬೆಂಕಿ ಆದ್ಮೇಲಿನ ಕಥೆ ಗೈಡ್‌ಗಳು ಅಷ್ಟಾಗಿ ಹೇಳಲ್ಲ. 1873ರಲ್ಲಿ ತೋಂಗ್‌ಝಿ ಚಕ್ರವರ್ತಿ ಮತ್ತೆ ಕಟ್ಟೋಕೆ ಹೊರಟ, ದುಡ್ಡಿಲ್ಲದೇ ಮರುವರ್ಷ ನಿಂತೋಯ್ತು. 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ಗಲಾಟೇಲಿ ಉಳಿದ ಮನೆ, ಮರ ಎಲ್ಲಾ ಕಡಿದು ಹೊತ್ಕೊಂಡು ಹೋದ್ರು. ಆಮೇಲೆ ಸೇನಾ ನಾಯಕರು, ಶ್ರೀಮಂತರು ಗಾಡಿಗಟ್ಲೆ ಕಲ್ಲು ಸಾಗಿಸಿದ್ರು, ರೈತರು ಕೆರೆ ಮುಚ್ಚಿ ಗದ್ದೆ ಮಾಡಿದ್ರು. 1976ರಲ್ಲಿ ನೋಡ್ಕೊಳ್ಳೋಕೆ ಒಂದು ಕಚೇರಿ, 1988ರಲ್ಲಿ ಪಾರ್ಕ್ ಅಂತ ಓಪನ್. ಮತ್ತೆ ಪೂರ್ತಿ ಕಟ್ಬೇಕಾ ಬೇಡ್ವಾ ಅಂತ ಚೀನಾದಲ್ಲಿ ಇನ್ನೂ ಜಗಳ ಇದೆ. ನನ್ನ ಓಟು ಬೇಡ ಅನ್ನೋದಕ್ಕೆ, ಹೊಸ ಪೇಂಟು ಬಳಿದ ಅರಮನೆ ನೋಡೋಕೆ ಪಕ್ಕದಲ್ಲೇ ಯಿಹೆಯುವಾನ್ ಇದೆಯಲ್ಲ.

ವಾಪಸ್ ಬರೋವಾಗ ಚಿಚುನ್‌ಯುವಾನ್‌ನಲ್ಲಿ ಹಾಳು ಸೇತುವೆ ಹುಡುಕಿ. ಇಡೀ ಉದ್ಯಾನದಲ್ಲಿ ಸುಮಾರು ಇನ್ನೂರು ಸೇತುವೆ ಇದ್ವು, ಆ ಕಾಲದ್ದು ಅಂತ ಉಳಿದಿರೋದು ಇದೊಂದೇ ಕಲ್ಲಿನ ಕಮಾನು, ಎರಡು ಕಡೆ ಕುಸಿದಿದೆ, ಚಿಕ್ಕದು, ಬೋರ್ಡ್ ನೋಡದಿದ್ರೆ ದಾಟಿ ಹೋಗ್ತೀರ. ಜುಲೈ ಆಗಸ್ಟಲ್ಲಿ ಹೋದ್ರೆ ಸುತ್ತ ತಾವರೆ, ಆದ್ರೆ ಜನಾನೂ ಹಾಗೇ, ಸೆಕೆನೂ ಹಾಗೇ. ತಳಪಾಯ ಚೆನ್ನಾಗಿ ಕಾಣ್ಬೇಕು ಅಂದ್ರೆ ಎಲೆ ಉದುರಿದ ನವೆಂಬರ್ ಬೆಸ್ಟು, ಸ್ವೆಟರ್ ಮರೀಬೇಡಿ.

ಇನ್ನೂ ಎನರ್ಜಿ ಇದ್ರೆ ಪಕ್ಕದ ಪೀಕಿಂಗ್ ಯೂನಿವರ್ಸಿಟಿ. ಒಳಗೆ ಬಿಡ್ತಾರಾ, ಮೊದ್ಲೇ ಬುಕ್ ಮಾಡ್ಬೇಕಾ ಅಂತ ನೋಡ್ಕೊಂಡು ಹೋಗಿ. ಪಶ್ಚಿಮ ಗೇಟಿನ ಒಳಗೆ ಎರಡು ಬಿಳಿ ಕಲ್ಲಿನ ಅಲಂಕಾರದ ಕಂಬ ನಿಂತಿವೆ, ಯುವಾನ್‌ಮಿಂಗ್‌ಯುವಾನ್‌ನ ಪೂರ್ವಜರ ಗುಡಿ ಮುಂದಿದ್ದಿದ್ದು. ಹತ್ರ ಹೋಗಿ ಸರಿಯಾಗಿ ನೋಡಿದ್ರೆ ಒಂದು ದಪ್ಪ, ಒಂದು ಸಣ್ಣ. ಸಾಗಿಸೋವಾಗ ಜೋಡಿ ಅದಲುಬದಲಾಗಿದೆ, ಇವುಗಳ ನಿಜವಾದ ಜೊತೆಗಾರರು ಊರೊಳಗೆ ಬೇಹೈ ಪಾರ್ಕಿನ ಪಕ್ಕ ರಾಷ್ಟ್ರೀಯ ಗ್ರಂಥಾಲಯದ ಹಳೇ ಕಟ್ಟಡದ ಅಂಗಳದಲ್ಲಿವೆ.